ತುಪ್ಪ ಬಡಿಸಿದ ವಕೀಲರು

ವಕೀಲ ಚನ್ನಮಲ್ಲಪ್ಪ ಅಂಗಡಿಯವರು ಮಠಕ್ಕೆ ಬಂದಾಗ ಪೂಜ್ಯ ಅಡವಯ್ಯಜ್ಜನವರು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ವಕೀಲರು ಅಡ್ಡಬಿದ್ದರು. ಏಳಲು ತಡಮಾಡಿದರು.

“ಏನಾತು ತಮ್ಮಾ?”

“ಅಜ್ಜಾರ, ಮುನಸೀಫ ಜಾಗಕ್ಕ ಅರ್ಜಿ ಹಾಕೀನಿ. ನಾಳೆ ಸಂಸ್ಥಾನದ ದಿವಾನರು ಕರದಾರ. ವಾಪಸ್ ತಗೊಳ್ಳಲೇನು ಅಂತ ಕೇಳಾಕ ಬಂದೆ.”

ತಲೆ ನರೆಯುವವರೆಗೆ ಅದೇ ಊರ ಕೋರ್ಟಿನಲ್ಲಿ ವಾದಿಸಿದವರು ಅವರು. ಕಾಯಿದೆ ಬಾಯಿಪಾಠ. ನ್ಯಾಯಪೀಠದಲ್ಲಿ ಕುಳಿತು ಬಡವರ ವ್ಯಾಜ್ಯಗಳನ್ನು ಬೇಗ ಮುಗಿಸಬೇಕೆಂಬುದು ಬಹುದಿನದ ಆಸೆ. ಅದಕ್ಕೆ ಅಡ್ಡವಾಗಿ ಕಂಡವರು ರಾಚಪ್ಪ ದೇಸಾಯರು. ಹಿಂದೆ ಚಾವಡಿಯಲ್ಲಿ ವಕೀಲರ ತಂದೆಯನ್ನು ಎಲ್ಲರೆದುರು ಕಳ್ಳನೆಂದು ಕರೆದಿದ್ದರು. ಸುಳ್ಳು ಮಾತು. ತಂದೆ ಅದರಲ್ಲೇ ಕೊರಗಿ ತೀರಿಕೊಂಡರು. ಈಗ ದೇಸಾಯರ ಹೊಲದ ಬದುವಿನ ವ್ಯಾಜ್ಯ ಕೋರ್ಟಿನಲ್ಲಿ ಕಾದಿತ್ತು. ಆ ಸೀಮೆಗೆಲ್ಲ ಇದ್ದುದು ಅದೊಂದೇ ಕೋರ್ಟು; ಮುನಸೀಫರಾದರೆ ಅದು ತಮ್ಮ ಮುಂದೆಯೇ ಬರಬೇಕು.

“ದೇಸಾಯರ ಮಾರಿ ಕಂಡರ ಸಿಟ್ಟು ನೆತ್ತಿಗೇರತೈತಿ ಅಜ್ಜಾರ. ನಾ ನ್ಯಾಯ ಹೆಂಗ ಹೇಳಲಿ?”

ಅಜ್ಜನವರು ಊಟದ ಸಾಲಿನತ್ತ ಕೈ ತೋರಿಸಿದರು.

“ಪಂಕ್ತಿ ಕೂತೈತಿ. ತುಪ್ಪ ಬಡಸು ಹೋಗು.”

ಆ ಮಠದಲ್ಲಿ ಒಂದು ಕಟ್ಟಳೆ. ತುಪ್ಪ ಬಡಿಸುವವರು ಎಲೆಯನ್ನಷ್ಟೇ ನೋಡಬೇಕು. ಉಣ್ಣುವವರ ಮುಖ ನೋಡಬಾರದು. ಅಳತೆಗೆ ಪುಟ್ಟ ಸೌಟಿನಂಥ ಮಿಳ್ಳೆ. ಉಳ್ಳವರಿಗೂ ಒಂದು ಮಿಳ್ಳೆ, ಭಿಕ್ಷುಕರಿಗೂ ಒಂದು ಮಿಳ್ಳೆ.

ವಕೀಲರು ಕೋಟು ಕಳಚಿಟ್ಟು ತುಪ್ಪದ ಪಾತ್ರೆ ಹಿಡಿದರು. ಮೊದಲ ಎಲೆಯ ಹುಗ್ಗಿಗೆ ಎರೆದು, ಮುಖ ನೋಡಿ, “ಸಾಕೇನ್ರಿ?” ಎಂದರು.

ಅಡುಗೆಯ ಗಂಗವ್ವ ಒಳಗಿನಿಂದಲೇ ಕೂಗಿದಳು. “ವಕೀಲರ, ಬಡಸಾಕ ಬಂದೀರೋ, ಪಾಟೀಸವಾಲು ಮಾಡಾಕ ಬಂದೀರೋ?”

ಪಂಕ್ತಿಯೆಲ್ಲ ನಕ್ಕಿತು. ಆಮೇಲೆ ವಕೀಲರು ತಲೆ ಎತ್ತಲಿಲ್ಲ.

ಸಾಲಿನ ಕೊನೆಯಲ್ಲಿ ಎಲೆಯ ಪಕ್ಕ ಒಂದು ಕೈ ಕಂಡಿತು. ಕಿರುಬೆರಳಿಗೆ ತುದಿಯಿಲ್ಲ. ಚಾವಡಿಯಲ್ಲಿ ತಂದೆಯತ್ತ ಚಾಚಿದ್ದ ದೇಸಾಯರ ಕೈ. ಮಿಳ್ಳೆ ನಡುವೆಯೇ ನಿಂತಿತು. ತುಪ್ಪ ನೆಲಕ್ಕೆ ಹನಿಯಿತು.

ಬೆನ್ನ ಹಿಂದೆ ಅಜ್ಜನವರ ದನಿ ಕೇಳಿತು. “ತಮ್ಮಾ, ಎಲಿ ನೋಡು.”

ವಕೀಲರು ಎಲೆ ನೋಡಿದರು. ಹುಗ್ಗಿ ಇತ್ತು. ತುಪ್ಪ ಇರಲಿಲ್ಲ. ಮಿಳ್ಳೆಯನ್ನು ಮತ್ತೆ ತುಂಬಿ, ಪೂರ್ತಿ ಎರೆದು, ಮುಂದಿನ ಎಲೆಗೆ ಹೋದರು.

ಪಂಕ್ತಿ ಎದ್ದ ಮೇಲೆ ಅಜ್ಜನವರ ಮುಂದೆ ಬಂದು ಕುಸಿದು ಕುಳಿತರು.

“ಬಡಸಿದೆ ಅಜ್ಜಾರ. ಆದರ ಸಿಟ್ಟು ಹೋಗಿಲ್ಲ. ಇಲ್ಲೇ ಐತಿ.”

“ಅದು ಹೋಗೋ ತನಕ ಎಲಿ ಕಾಯ್ತೈತೇನು?”

ಅಜ್ಜನವರು ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಸಿಟ್ಟು ಸತ್ತ ಮೇಲೆಯೇ ಪೀಠ ಏರಬೇಕೆಂದು ತಿಳಿದಿದ್ದವರು ವಕೀಲರು. ದೀರ್ಘವಾಗಿ ಉಸಿರುಬಿಟ್ಟರು. ಕಣ್ಣು ಒರೆಸಿಕೊಂಡರು. ಆಮೇಲೆ ಒಳಗೆ ನೋಡಿ, “ಗಂಗವ್ವಾ, ಹಸಿವಾಗೈತಿ” ಎಂದರು.

ಗಂಗವ್ವ ಎಲೆ ಹಾಕಿದಳು. “ಕುಂದರ್ರಿ. ನಿಮಗೂ ಒಂದ ಮಿಳ್ಳಿ.”

ಮರುದಿನ ವಕೀಲರು ದಿವಾನರ ಬಳಿಗೆ ಹೋದರು. ಹುದ್ದೆ ದೊರೆಯಿತು. ದೇಸಾಯರ ವ್ಯಾಜ್ಯ ಬಿತ್ತನೆಗೆ ಮುಂಚೆ ಮುಗಿಯಿತು. ಹೊಸ ಮುನಸೀಫರು ಕಾಗದಪತ್ರವನ್ನಷ್ಟೇ ನೋಡಿ ಬದು ದೇಸಾಯರದೇ ಎಂದು ತೀರ್ಪು ಕೊಟ್ಟರು.