ಮರಳಿನ ಮೇಲೆ ಹರಿಗೋಲು

ಹೊಸಕಟ್ಟೆಯ ದೊರೆ ಮಲ್ಲರಸನಿಗೆ ಊಟ ತಪ್ಪಿದರೂ ಒಂದು ಜಂಬದ ಮಾತು ಮಾತ್ರ ತಪ್ಪುತ್ತಿರಲಿಲ್ಲ.

"ನಮ್ಮ ಹಿರಿಯರು ಮಾಡಿದ ಒಂದು ಕಟ್ಟಳೆಯನ್ನೂ ನಾನು ಮುಟ್ಟಿಲ್ಲ. ಲೋಕ ಬೇಕಾದರೆ ಬದಲಾಗಲಿ, ನಮ್ಮ ರಾಜ್ಯ ಬದಲಾಗದು."

ಲೋಕಕ್ಕೂ ಹಟ ಇರುತ್ತದಲ್ಲ. ಒಂದು ಮಳೆಗಾಲದಲ್ಲಿ ಊರಿನ ಪಡುವಲಿಗೆ ಹರಿಯುತ್ತಿದ್ದ ಹೊಳೆ ದಂಡೆ ಒಡೆದುಕೊಂಡು, ಊರನ್ನು ಬಳಸಿ, ಮೂಡಲಲ್ಲಿ ಹರಿಯತೊಡಗಿತು. ನೇಕಾರರ ಕೇರಿ ಹೊಳೆಯಾಚೆ ಸಿಕ್ಕಿಕೊಂಡಿತು.

ದೊರೆಯ ಮುತ್ತಜ್ಜನ ಕಟ್ಟಳೆಯೋ, ಹರಿಗೋಲುಗಳು ಪಡುವಣ ಕಟ್ಟೆಯಲ್ಲೇ ಇರತಕ್ಕದ್ದು, ಅಂಬಿಗರು ಹಗಲೆಲ್ಲ ಹುಟ್ಟು ಹಾಕತಕ್ಕದ್ದು, ಬೇರೆ ಯಾರೂ ಹರಿಗೋಲು ಇಡಕೂಡದು ಎಂದಿತ್ತು. ಹಾಗಾಗಿ ಅಂಬಿಗರು ದಿನಾ ಬರೀ ಮರಳಿನ ಮೇಲೆ ಹರಿಗೋಲಿನಲ್ಲಿ ಕೂತು, ಮರಳಿಗೇ ಹುಟ್ಟು ಹಾಕಿ, ಬೆವರು ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಪಾಪ, ಅವರಿಗೂ ಹೊಟ್ಟೆಯಿತ್ತು.

ಪ್ರಧಾನಿ ನಂಜಪಯ್ಯನಿಗೆ ಇದರಲ್ಲಿ ಹೆಮ್ಮೆಯೂ ಇತ್ತು. "ಹೊಳೆ ಹೋದ ಮೇಲೆ ನಮ್ಮ ಕಟ್ಟೆಯಲ್ಲಿ ಒಬ್ಬರೂ ಮುಳುಗಿಲ್ಲ, ಪ್ರಭು. ಇಷ್ಟು ಚೊಕ್ಕ ಆಡಳಿತ ಹಿಂದೆ ಯಾವಾಗಲೂ ಇರಲಿಲ್ಲ."

ಒಂದು ಸೋಮವಾರ ನೇಕಾರರ ಲಿಂಗವ್ವ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಹೊಳೆ ಈಜಿ, ಒದ್ದೆ ಸೀರೆಯಲ್ಲೇ ಆಸ್ಥಾನಕ್ಕೆ ಬಂದಳು.

"ಎಪ್ಪಾ, ನನ್ನ ಸೊಸಿ ಗಿರಿಜಾಗ ದಿನಾ ತುಂಬ್ಯಾವ. ಬೆಳಗಿಂದ ಬ್ಯಾನಿ ತಿನ್ನಾಕ ಹತ್ಯಾಳ. ಸೂಲಗಿತ್ತಿ ಇರೂದು ಈ ದಂಡಿಗೆ, ಆಕಿಗೆ ಈಜು ಬರೂದಿಲ್ಲ. ಒಂದ ಒಂದು ಹರಗೋಲು ಮೂಡಲ ಕಡಿ ಕಳಸ್ರಿ."

"ಹರಿಗೋಲು ಬೇಕಾದರೆ ಪಡುವಣ ಕಟ್ಟೆಗೆ ಹೋಗು. ಎಲ್ಲ ಖಾಲಿಯೇ ಇವೆ" ಎಂದ ನಂಜಪಯ್ಯ.

"ಅಲ್ಲಿ ನೀರ ಇಲ್ಲಲ್ರೀ."

"ನೀರು ತರಿಸುವುದು ನಮ್ಮ ಇಲಾಖೆಯ ಕೆಲಸವಲ್ಲ."

ಲಿಂಗವ್ವ ಮೂಲೆಗೆ ಹೋಗಿ ಕೂತಳು. ಆಸ್ಥಾನದ ವಿದೂಷಕ ಬೊಪ್ಪಣ್ಣನಿಗೆ ಇದನ್ನು ಕಂಡು ಸಿಟ್ಟು ಬಂತು. ಆದರೆ ದೊರೆಯ ಎದುರು ಸಿಟ್ಟು ತೋರಿಸಿ ಬದುಕಿದವರಿಲ್ಲ. ಅವನು ಕೈಮುಗಿದ.

"ಪ್ರಭು, ಹಿರಿಯರ ಕಟ್ಟಳೆ ರದ್ದಾಗದಿದ್ದರೆ ಊರ್ಜಿತವೇ?"

"ಊರ್ಜಿತವೇ."

"ದೊರೆಗೂ?"

"ದೊರೆಗೂ. ನಾನು ಮಣಿಯದಿದ್ದರೆ ಪ್ರಧಾನಿಗಳು ಹಿಡಿದು ಮಣಿಸಲಿ."

"ತುಂಬಾ ಸಂತೋಷ" ಎಂದವನೇ ಬೊಪ್ಪಣ್ಣ ಅಂತಃಪುರದ ಹಿತ್ತಿಲಿಗೆ ಓಡಿದ. ಹಿಂದಿರುಗುವಾಗ ಅವನ ಜೊತೆ ಹೊನ್ನಜ್ಜಿ ಇದ್ದಳು. ದೊರೆ ಕೂಸಾಗಿದ್ದಾಗ ನೀರೆರೆದು ಆಡಿಸಿದ ದಾದಿ ಆಕೆ. ಒಂದು ಕೈಯಲ್ಲಿ ಕೂಸಿನ ಕುಲಾವಿ, ಇನ್ನೊಂದರಲ್ಲಿ ಕೂಸಿಗೆ ಹಾಲು ಕುಡಿಸುವ ಒಳಲೆ, ಕಂಕುಳಲ್ಲಿ ಹರಳೆಣ್ಣೆಯ ಗಡಿಗೆ.

"ಇದೇನಜ್ಜಿ?" ಎಂದ ದೊರೆ.

"ನಿಮ್ಮಜ್ಜಾರ ಅಪ್ಪಣಿ. ರಾಜಕುಮಾರಗ ಸೋಮಾರಕ್ಕೊಮ್ಮೆ ಹರಳೆಣ್ಣಿ ಕುಡಿಸಬೇಕು. ಆಮ್ಯಾಲ ಕಾಲ ಮ್ಯಾಲ ಬ್ವಾರಲ ಹಾಕ್ಕೊಂಡು ಎರೀಬೇಕು. ಸಾಕು ಅಂತ ನನಗ ಯಾರೂ ಹೇಳಿಲ್ಲ."

ದೊರೆ ಪ್ರಧಾನಿಯ ಕಡೆ ತಿರುಗಿದ. "ಇದು ನಿಜವೇ?"

ನಂಜಪಯ್ಯ ಎದೆಯುಬ್ಬಿಸಿದ. "ನಿಜ, ಪ್ರಭು. ಪ್ರತಿ ಸೋಮವಾರ ಉಗ್ರಾಣದಿಂದ ಎಣ್ಣೆ ಹೋಗುತ್ತಿದೆ. ಒಂದು ವಾರವೂ ತಪ್ಪಿಸಿಲ್ಲ."

"ಇಷ್ಟು ವರ್ಷ ಅದನ್ನು ಕುಡಿದವರು ಯಾರು?"

"ದೀಪಕ್ಕ ಹಾಕತಿದ್ನಿ" ಎಂದಳು ಹೊನ್ನಜ್ಜಿ. "ಕರದರ ಕೂಸು ಬರ್ತಿರಲಿಲ್ಲ."

"ಹಾಗಾದರೆ ಬಾಕಿ ಬಹಳ ಉಳಿದಿದೆ" ಎಂದ ಬೊಪ್ಪಣ್ಣ. "ಇವತ್ತಿನ ಪಾಲಿನಿಂದ ಶುರು ಮಾಡೋಣ."

"ನನ್ನ ಮೀಸೆ ನೋಡು, ಅಜ್ಜಿ. ನಾನು ಕೂಸೇ?"

"ಮೀಸಿ ಬಂದದ್ದು ನನಗ ಕಾಣತೈತಪ್ಪ. ಅಪ್ಪಣ್ಯಾಗ ಮೀಸಿ ಸುದ್ದಿ ಇಲ್ಲ."

ದೊರೆ ಬಾಯಿ ಬಿಗಿಹಿಡಿದ. ಹೊನ್ನಜ್ಜಿ ಒಳಲೆ ತುಂಬಿಸಿದಳು. "ಕೂಸು ಬಾಯಿ ತೆರೀದಿದ್ರ ಮೂಗು ಹಿಡೀಬೇಕು, ಅದೂ ಅಪ್ಪಣ್ಯಾಗೈತಿ" ಎಂದು ಪ್ರಧಾನಿಯ ಮುಖ ನೋಡಿದಳು. ಕಟ್ಟಳೆ ಎಂದ ಮೇಲೆ ನಂಜಪಯ್ಯನಿಗೆ ದೊರೆಯ ಮೂಗಾದರೇನು, ದನದ ಮೂಗಾದರೇನು. ಗಟ್ಟಿಯಾಗಿ ಹಿಡಿದ. ಎಣ್ಣೆ ಒಳಗಿಳಿಯಿತು. ಅಜ್ಜಿ ನೆಲಕ್ಕೆ ಕೂತು, ಕಾಲು ಚಾಚಿ, ತೊಡೆ ತಟ್ಟಿ ಕರೆದಳು. "ಬಾ ನನ್ನಪ್ಪ, ಎರೀತೀನಿ."

ದೊರೆ ಸಿಂಹಾಸನದ ಹಿಂದೆ ಅಡಗಿಕೊಂಡು ಕೂಗಿದ. "ನಾನು ಬೆಳೆದದ್ದು ಊರಿಗೆಲ್ಲ ಕಾಣುತ್ತದೆ. ಈ ಹಾಳು ಕಟ್ಟಳೆಗೆ ಯಾಕೆ ಕಾಣುವುದಿಲ್ಲ?"

"ಹೊಳೆ ಹೋದದ್ದೂ ಊರಿಗೆಲ್ಲ ಕಾಣುತ್ತದೆ, ಪ್ರಭು" ಎಂದ ಬೊಪ್ಪಣ್ಣ.

ದೊರೆ ಸಿಂಹಾಸನದ ಹಿಂದಿನಿಂದ ಇಣುಕಿದ. ಮೂಲೆಯಲ್ಲಿ ಕೂತಿದ್ದ ಲಿಂಗವ್ವನ ಒದ್ದೆ ಸೀರೆ ಅವನ ಕಣ್ಣಿಗೆ ಬಿತ್ತು. ನಾಚಿಕೆಯಾಯಿತು. ಆಮೇಲೆ ಎಣ್ಣೆಯ ತೇಗು ಬಂತು, ತೇಗಿನ ಹಿಂದೆಯೇ ನಗು.

"ಹರಿಗೋಲುಗಳನ್ನು ಈಗಲೇ ಮೂಡಲಿಗೆ ಹೊತ್ತುಕೊಂಡು ಹೋಗಿ. ಮೊದಲು ಸೂಲಗಿತ್ತಿಯನ್ನು ದಾಟಿಸಿ" ಎಂದು ಅಪ್ಪಣೆ ಕೊಟ್ಟು, ಮುಂದಿನ ಮಾತಿಗೆ ನಿಲ್ಲದೆ ಹೊಟ್ಟೆ ಹಿಡಿದುಕೊಂಡು ಹಿತ್ತಿಲ ಕಡೆ ಓಡಿದ.

ಸೂಲಗಿತ್ತಿ ಸಮಯಕ್ಕೆ ಸರಿಯಾಗಿ ದಾಟಿದಳು. ಗಿರಿಜೆ ಹೆಣ್ಣು ಹೆತ್ತಳು, ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಮರುದಿನ ಲಿಂಗವ್ವ ಹರಿಗೋಲಿನಲ್ಲಿ ಕೂತು ಒಣ ಸೀರೆಯಲ್ಲಿ ಬಂದು ಆಸ್ಥಾನಕ್ಕೆಲ್ಲ ಸಕ್ಕರೆ ಹಂಚಿದಳು. ದೊರೆ ಕೊರಳ ಹಾರ ತೆಗೆದು ಬೊಪ್ಪಣ್ಣನಿಗೆ ಹಾಕಿದ.

ನಂಜಪಯ್ಯ ಮಾತ್ರ ಬಾಯಿಗೆ ಸಕ್ಕರೆ ಹಾಕಿಕೊಳ್ಳಲೂ ಬಿಡುವಿಲ್ಲದೆ ಹೊಸ ಕಟ್ಟಳೆ ಬರೆಯುತ್ತಿದ್ದ. ಬರೆದು ಮುಗಿಸಿ, ಗಂಟಲು ಸರಿಮಾಡಿಕೊಂಡು ಓದಿದ. "ಇನ್ನು ಮುಂದೆ ಹರಿಗೋಲುಗಳು ಎಂದೆಂದಿಗೂ ಮೂಡಣ ಕಟ್ಟೆಯಲ್ಲೇ ಇರತಕ್ಕದ್ದು." ಬೊಪ್ಪಣ್ಣನ ಕಡೆ ನೋಡಿ, "ಈಗಲಾದರೂ ಸಮಾಧಾನವೇ?" ಎಂದು ಕೇಳಿದ.

"ಬಹಳ ಚೆನ್ನಾಗಿದೆ, ಸ್ವಾಮಿ. ಕೆಳಗೆ ಹೊಳೆಯದೂ ಒಂದು ರುಜು ಹಾಕಿಸಿಬಿಡಿ" ಎಂದ ಬೊಪ್ಪಣ್ಣ.