ಗಿರಿಯಪ್ಪನ ಕಿವೀಗೆ ಪಿನ್ನು ಹಾಕಿದ್ದು

ನನ್ನ ಕಣ್ಣಾಣೆ, ಇದು ನಡೆದಿದ್ದೇ. ಅಕ್ಕಿ ಗೋದಾಮಿನ ಆಫೀಸಲ್ಲಿ ನಾನು ಜವಾನ. ನನ್ನಂಥ ಚಾಲಾಕಿ ಆ ಬೀದೀಲೇ ಇರ್ಲಿಲ್ಲ.

ಅವತ್ತು ಕಂಪ್ಯೂಟರಲ್ಲಿ ಮಾಲೀಕರ ಮೀಟಿಂಗು. ಮ್ಯಾನೇಜರ್ ಗಿರಿಯಪ್ಪನ ಹೆಡ್‌ಸೆಟ್ಟಲ್ಲಿ ಒಂದು ಮಾತೂ ಕೇಳ್ತಿಲ್ಲ.

"ಲೋ ಮುದುಕ, ಗುಡಿಸುವಾಗ ನೀನೇ ಕೆಡಿಸಿದ್ದು!" ಅಂತ ಅರಚಿ, ಗುಮಾಸ್ತನ್ನ ಕರೆದು ಅದರ ದುಡ್ಡು ನನ್ನ ಸಂಬಳದಲ್ಲಿ ಮುರಿಸೇಬಿಟ್ಟ.

ನೋಡ್ತೀನಿ, ಹೆಡ್‌ಸೆಟ್ಟಿನ ಪಿನ್ನು ಕಂಪ್ಯೂಟರೊಳಗೆ ಅರ್ಧ ಮಾತ್ರ ಹೋಗಿದೆ. ಆದ್ರೆ ಪರದೆ ಮೇಲೆ ಮಾಲೀಕರು ಇವನ ಅರಚಾಟಕ್ಕೆ ಕಿವಿ ಮುಚ್ಕೊಂಡವ್ರೆ. ಅಂದ್ರೆ ಕಂಪ್ಯೂಟರಿನ ಮೈಕಲ್ಲಿ ನಮ್ಮ ಮಾತು ಅವರಿಗೆ ಕೇಳ್ತಿದೆ, ಅವರದ್ದು ನಮಗಿಲ್ಲ. ನಾನು ಪಿನ್ನು ಮುಟ್ಟಲಿಲ್ಲ.

"ಸ್ವಾಮಿ, ಮಾಲೀಕರೇ ಹೊಸದು ಕೊಡಿಸಲ್ವಾ?" ಅಂದೆ.

"ಆ ಗೂಬೆ ಹತ್ರಾನೂ ಕೀಳ್ತೀನಿ ಕಣೋ! ಮೂರು ಪಟ್ಟು ಬಿಲ್ಲು ಹಾಕ್ತೀನಿ, ಗೋಣಿಚೀಲಕ್ಕೆ ಹಾಕಿದ ಹಂಗೆ. ಅವನಿಗೇನು ಗೊತ್ತಾಗುತ್ತೆ?"

ಆಗ ಪಿನ್ನು ಪೂರಾ ಒತ್ತಿದೆ. ಮಾಲೀಕರ ಬೈಗುಳ ಕಿವಿಗೆ ಬಿದ್ದಿದ್ದೇ ಗಿರಿಯಪ್ಪ ಎದ್ದು ನಿಂತು ಕಂಪ್ಯೂಟರಿಗೆ ಕೈಮುಗಿದ. ಅವನ ಕೆಲಸ ಅಲ್ಲೇ ಹೋಯ್ತು.

"ಧಣಿ, ಹೆಡ್‌ಸೆಟ್ಟು ಚೆನ್ನಾಗೈತೆ, ನನ್ನ ದುಡ್ಡು ವಾಪಸ್ ಕೊಡ್ಸಿ" ಅಂತ ನಾನೂ ಕೂಗಿದೆ. ಅಷ್ಟೊತ್ತು ಎಲ್ಲ ಕೇಳಿಸ್ಕೊಂಡ ಮಾಲೀಕರು ಟಪ್ಪಂತ ಮೀಟಿಂಗು ಕಟ್ ಮಾಡಿದ್ರು.

ನನ್ನ ಸಂಬಳದಲ್ಲಿ ಹೋಗಿದ್ದು ಸಾವಿರದ ಮುನ್ನೂರ ನಲವತ್ತು ರೂಪಾಯಿ.