ಶೋಧಮಂಟಪದ ಮೊದಲ ಕ್ಷೌರ

"ಇನ್ನೊಂದು ವರ್ಷದಲ್ಲಿ ನೋಡುತ್ತಿರಿ. ಲೋಕದಲ್ಲಿ ಎಲ್ಲೂ ಇಲ್ಲದ ಹೊಸ ವಸ್ತುಗಳು ನಮ್ಮ ವಿದ್ಯಾಪೀಠದಿಂದಲೇ ಹೊರಡುತ್ತವೆ" ಎಂದು ಮಣಿಗೆರೆಯ ಅರಸ ಕುಂದವರಸ ತುಂಬಿದ ಸಭೆಯಲ್ಲಿ ಹೇಳಿಕೊಂಡ.

ಅರಸ ಹೇಳಿದ ಮೇಲೆ ಆಗಲೇಬೇಕಲ್ಲ. ವಿದ್ಯಾಪೀಠದ ಮುಖ್ಯಸ್ಥರಾದ ಮಹೋಪಾಧ್ಯಾಯ ಶಂಖಪಾಣಿಗಳು ಎದೆಯವರೆಗೆ ಇಳಿದ ಗಡ್ಡ ನೀವಿಕೊಂಡು ಒಂದು ಶೋಧಮಂಟಪ ಕಟ್ಟಿಸಿದರು. ಶೋಧಮಂಟಪ ಎಂದರೆ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಕೂತು ಹೊಸದನ್ನು ಮಾಡಿ ನೋಡುವ ಜಾಗ. ಹಾಗೆಂದು ಬಾಗಿಲ ಮೇಲೆ ಕೆತ್ತಿಸಿದ್ದರು. ಒಳಗೆ ಉಳಿ, ಗರಗಸ, ತಿದಿ, ಕ್ಷೌರದ ಕತ್ತಿ ಎಲ್ಲ ಇದ್ದವು. ಉದ್ಘಾಟನೆಯ ದಿನ ಅರಸನೇ ಬಂದು ಅವಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡಿದ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಪೂಜೆಗಿಟ್ಟ ಸಲಕರಣೆಯನ್ನು ಆ ದಿನ ಯಾರೂ ಬಳಸುವುದಿಲ್ಲ. ಮಾರನೆಯ ದಿನ ಅದನ್ನು ಸ್ವಲ್ಪ ಕದಲಿಸಿ, ಪೂಜೆ ಮುಗಿಯಿತೆಂದ ಮೇಲೆಯೇ ಕೆಲಸಕ್ಕೆ ಎತ್ತಿಕೊಳ್ಳುವುದು. ಶಂಖಪಾಣಿಗಳು ಕದಲಿಸಲೇ ಇಲ್ಲ. "ಪ್ರಭುಗಳು ಪೂಜಿಸಿದ್ದನ್ನು ನಾವು ಕದಲಿಸುವುದೇ?" ಎಂದರು. ಹೀಗಾಗಿ ಉಳಿ ಇಟ್ಟಲ್ಲೇ ಇತ್ತು, ಅದರ ಮೇಲಿನ ಹೂವು ಮಾತ್ರ ದಿನವೂ ಬದಲಾಗುತ್ತಿತ್ತು. ಮಂಟಪದಲ್ಲಿ ಹೊಸತನದ ಬಗ್ಗೆ ಉಪನ್ಯಾಸಗಳು ನಡೆಯುತ್ತಿದ್ದವು. ಉಪನ್ಯಾಸ ಕೊಟ್ಟವರಿಗೆ ಶಾಲು, ಶಾಲು ಹೊದಿಸಿದವರಿಗೂ ಶಾಲು.

ಪೀಠದಲ್ಲಿ ಜಕ್ಕವ್ವೆ ಎಂಬ ವಿದ್ಯಾರ್ಥಿನಿ ಇದ್ದಳು. ಕಾಲಿನಿಂದ ತುಳಿದು ಬಾವಿಯ ನೀರೆತ್ತುವ ಗಾಲಿಯೊಂದನ್ನು ಮಾಡಬೇಕೆಂದು ಅವಳ ಆಸೆ. ಕಾದು ಕಾದು ಬೇಸತ್ತವಳು ಒಂದು ದಿನ ಹೂವು ಸರಿಸಿ ಉಳಿ ಎತ್ತಿಕೊಂಡಳು. ಗಾಲಿ ತಯಾರಾಯಿತು. ಮೊದಲ ಸಲ ತುಳಿದಾಗಲೇ ಮುರಿದು ಬಾವಿಗೆ ಬಿತ್ತು.

ಶಂಖಪಾಣಿಗಳು ಅರಸನ ಬಳಿ ಓಡಿದರು. "ಪೂಜೆಯ ಉಳಿ ಮುಟ್ಟಿದಳು, ಪ್ರಭು. ಮುಟ್ಟಿಯೂ ಸೋತಳು. ಸೋತವರನ್ನು ಇಟ್ಟುಕೊಂಡರೆ ಪೀಠದ ಮಾನ ಉಳಿಯುತ್ತದೆಯೇ? ಹೊರಗೆ ಹಾಕಬೇಕು."

"ನಾಳೆ ನೆರೆರಾಜ್ಯದ ರಾಯಭಾರಿ ಬರುತ್ತಾನೆ. ಕ್ಷೌರ ಮುಗಿಸಿ ಸಭೆಗೆ ಬಂದವನೇ ಆಜ್ಞೆ ಹೊರಡಿಸುತ್ತೇನೆ" ಎಂದ ಅರಸ.

ಸುದ್ದಿ ತಿಳಿದ ಜಕ್ಕವ್ವೆ ಆಸ್ಥಾನದ ವಿದೂಷಕ ಹಂಪಣ್ಣನ ಮನೆಗೆ ಹೋದಳು. ಅರಸನ ಎದುರು ನೆಟ್ಟಗೆ ಮಾತಾಡಿಯೂ ತಲೆ ಉಳಿಸಿಕೊಂಡಿದ್ದವನು ಆ ಊರಿನಲ್ಲಿ ಅವನೊಬ್ಬನೇ.

"ಗಾಲಿ ಎಲ್ಲಿ ಮುರಿಯಿತು ಅಂತ ಈಗ ಗೊತ್ತಾಗಿದೆ, ಅಣ್ಣಾ. ಇನ್ನೊಂದು ಸಲ ಮಾಡಿದರೆ ನಿಲ್ಲುತ್ತೆ. ಆದರೆ ಆ ಇನ್ನೊಂದು ಸಲವೇ ನನಗಿಲ್ಲವಲ್ಲ."

"ಪ್ರಭುಗಳ ಕ್ಷೌರ ಇನ್ನೂ ಆಗಿಲ್ಲ ತಾನೆ?"

"ಬೆಳಿಗ್ಗೆಯಂತೆ. ಅದಕ್ಕೂ ನನಗೂ ಏನು ಸಂಬಂಧ?"

"ಇರಲಿ. ನೀನು ಹೋಗಿ ಊಟ ಮಾಡು."

ಬೆಳಿಗ್ಗೆ ಅರಸ ಮಣೆಯ ಮೇಲೆ ಕೂತಾಗ ಹಂಪಣ್ಣ ಕೈಮುಗಿದು ನಿಂತ. ಪಕ್ಕದಲ್ಲಿ ಶಂಖಪಾಣಿಗಳೂ ಇದ್ದರು.

"ಪ್ರಭು, ದಿನದ ಕ್ಷೌರಿಕನೇ ಇವತ್ತೂ ಯಾಕೆ? ನಮ್ಮ ಶೋಧಮಂಟಪದಲ್ಲಿ ನವೀನ ಕ್ಷೌರ ಕಲಿತ ಶಿಷ್ಯ ಇದ್ದಾನಂತೆ. ರಾಯಭಾರಿಯೂ ನೋಡಿ ಬೆರಗಾಗಲಿ."

ಶಂಖಪಾಣಿಗಳು ಉಬ್ಬಿದರು. "ಏಚಣ್ಣ ಅಂತ, ಪ್ರಭು. ಪೀಠಕ್ಕೇ ಮೊದಲಿಗ. ಇವತ್ತಿನವರೆಗೆ ಒಂದು ತಪ್ಪನ್ನೂ ಮಾಡಿದವನಲ್ಲ."

ಏಚಣ್ಣ ಬಂದ. ತಟ್ಟೆಯಲ್ಲಿ ಕುಂಕುಮ ಮೆತ್ತಿದ ಕತ್ತಿ, ಅದರ ಮೇಲೊಂದು ಸೇವಂತಿಗೆ. ಗಡ್ಡದ ಲಕ್ಷಣ, ಕತ್ತಿಯ ಲಕ್ಷಣ, ಕೆನ್ನೆಯ ಲಕ್ಷಣ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಆಮೇಲೆ ಕತ್ತಿ ಹಿಡಿದು ಅರಸನ ಕುತ್ತಿಗೆಯ ಹತ್ತಿರ ಬಂದ. ಹರಿತ ಯಾವ ಕಡೆಗಿದೆ ಎಂದು ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಿಲ್ಲು" ಎಂದ ಅರಸ. "ಇದುವರೆಗೆ ಯಾರ್‍ಯಾರಿಗೆ ಕ್ಷೌರ ಮಾಡಿದ್ದೀಯೆ?"

"ಯಾರಿಗೂ ಇಲ್ಲ, ಪ್ರಭು."

"ಯಾರಿಗೂ?"

"ಕತ್ತಿ ಪೂಜೆಯಲ್ಲಿತ್ತು, ಪ್ರಭು. ಮುಟ್ಟಿದರೆ ಹೊರಗೆ ಹಾಕುತ್ತಾರೆ. ಮುಟ್ಟಿ ಯಾರಿಗಾದರೂ ಗಾಯ ಮಾಡಿದರೂ ಹೊರಗೆ ಹಾಕುತ್ತಾರೆ. ಅದಕ್ಕೇ ನಾನು ಉಪನ್ಯಾಸ ಕೇಳಿ ಮೊದಲಿಗನಾದೆ."

"ಹಾಗಾದರೆ ನನ್ನ ಕುತ್ತಿಗೆಯೇ ಯಾಕೆ ಮೊದಲು?"

ಉತ್ತರ ಕೊಟ್ಟವನು ಹಂಪಣ್ಣ. "ಪೀಠದಲ್ಲಿ ಎಲ್ಲದರ ಉದ್ಘಾಟನೆಯೂ ಪ್ರಭುಗಳಿಂದಲೇ ಅಲ್ಲವೇ?"

ಅರಸ ಮಣೆಯಿಂದ ಎದ್ದು ಗೋಡೆಗೆ ಒರಗಿ ನಿಂತ. "ಕತ್ತಿ ಕೆಳಗಿಡೋ ಮಾರಾಯ" ಎಂದ. ಏಚಣ್ಣನೂ ನೆಮ್ಮದಿಯಿಂದ ಕೆಳಗಿಟ್ಟ.

"ಕೋಪ ಮಾಡಬಾರದು, ಪ್ರಭು" ಎಂದ ಹಂಪಣ್ಣ. "ಒಂದು ತಪ್ಪನ್ನೂ ಮಾಡದವನು ಇವನು. ಇವನ ಕೈಗೆ ಕುತ್ತಿಗೆ ಕೊಡಲು ನೀವು ಒಪ್ಪುತ್ತಿಲ್ಲ. ಒಂದು ತಪ್ಪು ಮಾಡಿ, ಅದು ಯಾಕಾಯಿತು ಅಂತ ತಿಳಿದುಕೊಂಡವಳು ಜಕ್ಕವ್ವೆ. ಅವಳನ್ನು ಓಡಿಸಲು ಹೊರಟಿದ್ದೀರಿ. ನಿಮಗೆ ಇವರಿಬ್ಬರಲ್ಲಿ ಯಾರು ಬೇಕು?"

ಅರಸ ಕುತ್ತಿಗೆ ಸವರಿಕೊಂಡ. ಅದು ಇನ್ನೂ ಇದ್ದ ಜಾಗದಲ್ಲೇ ಇತ್ತು. "ಜಕ್ಕವ್ವೆ ಪೀಠದಲ್ಲೇ ಇರಲಿ. ಮಂಟಪದ ಹೂವನ್ನೆಲ್ಲ ಇವತ್ತೇ ನಾನೇ ಬಂದು ತೆಗೆಯುತ್ತೇನೆ. ಗಾಲಿ ಮುರಿದರೆ ಮುರಿಯಲಿ, ಮತ್ತೆ ಮಾಡಲಿ. ಶಂಖಪಾಣಿಗಳೇ, ಈ ಏಚಣ್ಣನಿಗೂ ಕೈಯಲ್ಲಿ ಮಾಡಿ ಕಲಿಯಲು ಬಿಡಿ."

ಶಂಖಪಾಣಿಗಳ ಮುಖ ಬಿಳಿಚಿತು. "ಕಲಿಯುವಾಗ ಕೈತಪ್ಪಿದರೆ, ಪ್ರಭು? ಇಂಥವನಿಗೆ ಯಾವ ಮನುಷ್ಯ ತನ್ನ ಗಡ್ಡ ಕೊಟ್ಟಾನು?" ಎನ್ನುತ್ತಾ, ಅಭ್ಯಾಸಬಲದಿಂದ, ಎದೆಯ ಮೇಲಿನ ಬಿಳಿಯ ಗಡ್ಡವನ್ನು ಮೇಲಿನಿಂದ ಕೆಳಗಿನವರೆಗೂ ನೀವಿಕೊಂಡರು.

ಹಂಪಣ್ಣ ಆ ಕೈ ಹೋದಷ್ಟು ದೂರವನ್ನೂ ನೋಡಿದ.

"ಕಲಿಯುವವರಿಗೆ ತಪ್ಪು ಮಾಡಲು ಒಂದು ಜಾಗ ಬೇಕು, ಪ್ರಭು. ನಮ್ಮ ಪೀಠದಲ್ಲಿ ಅಷ್ಟು ವಿಶಾಲವಾದ ಜಾಗ ಅದೊಂದೇ ಇರುವುದು."

ಕುಂದವರಸ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ತನ್ನ ಮಣೆಯನ್ನು ಕಾಲಿನಿಂದ ಮಹೋಪಾಧ್ಯಾಯರ ಕಡೆಗೆ ಸರಿಸಿದ.